ಆ ಸಿರಿತನ ಬಂದ ದಾರಿ ಯಾವುದು?

2017ರ ಜನವರಿಯಲ್ಲಿ, ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫಾಮ್ ಸಂಸ್ಥೆ ಒಂದು ವರದಿ ಹೊರತಂದಿತು. ಜಗತ್ತಿನ ಎಂಟು ಜನ ಶ್ರೀಮಂತರ ಆಸ್ತಿ, ಕೆಳಗಿನ ಅರ್ಧದಷ್ಟು ಜನರ, ಅಂದರೆ ಸುಮಾರು 360 ಕೋಟಿ ಜನರ ಒಟ್ಟು ಆಸ್ತಿಗೆ ಸಮ ಎಂದು ಅದರಲ್ಲಿತ್ತು. ಓದಿದವರಿಗೆ ಸಿಟ್ಟು ಬಂತು. ಬರಬೇಕಾದ್ದೇ. ಆದರೆ ಮುಕ್ತ ಮಾರುಕಟ್ಟೆಯ ಪರ ವಾದಿಸುವವರು ಅದೇ ಅಂಕಿಯನ್ನು ನೋಡಿ ಬೇರೆ ಪ್ರಶ್ನೆ ಕೇಳುತ್ತಾರೆ. ಆ ಎಂಟು ಜನಕ್ಕೆ ಆ ದುಡ್ಡು ಬಂದದ್ದು ಹೇಗೆ? ಯಾರಿಂದಾದರೂ ಕಿತ್ತುಕೊಂಡರೋ, ಕೋಟಿಗಟ್ಟಲೆ ಜನ ತಾವಾಗಿಯೇ ಕೊಟ್ಟರೋ?

ನನಗೆ ಇದು ಸರಿಯಾದ ಪ್ರಶ್ನೆ ಅನಿಸುತ್ತದೆ. ದುಃಖದ ಸಂಗತಿ ಏನೆಂದರೆ, ಇದನ್ನು ಕೇಳುವವರಲ್ಲಿ ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. "ಜನರೇ ಕೊಟ್ಟಿದ್ದಾರೆ, ಮತ್ತೇನು ತಕರಾರು?" ಎಂದು ಮಾತು ಮುಗಿಸುತ್ತಾರೆ. ಕೊನೆವರೆಗೂ ಕೇಳುತ್ತಾ ಹೋದರೆ, ಇವತ್ತಿನ ಎಷ್ಟೋ ಸಿರಿತನಕ್ಕೆ ಮುಕ್ತ ಮಾರುಕಟ್ಟೆಯ ತತ್ವವೇ ರಕ್ಷಣೆ ಕೊಡುವುದಿಲ್ಲ.

ಮೊದಲು ಆ ವಾದದ ಗಟ್ಟಿ ಭಾಗ ನೋಡೋಣ. ಅಂತರ ಮತ್ತು ಬಡತನ ಒಂದೇ ಅಲ್ಲ. ಒಂದು ಹೆಚ್ಚಿದಾಗ ಇನ್ನೊಂದು ಕಡಿಮೆಯಾಗಬಹುದು. ಇದಕ್ಕೆ ಚೀನಾಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 1978ರ ಚಳಿಗಾಲದಲ್ಲಿ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಹಳ್ಳಿಯಲ್ಲಿ 18 ರೈತರು ಗುಟ್ಟಾಗಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರಕ್ಕೆ ಕೊಡಬೇಕಾದ ಪಾಲು ಕೊಟ್ಟು ಮಿಕ್ಕಿದ್ದನ್ನು ಬೆಳೆದವರೇ ಇಟ್ಟುಕೊಳ್ಳುವುದು ಎಂಬ ಒಪ್ಪಂದ ಅದು. ಸಿಕ್ಕಿಬಿದ್ದು ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕಬೇಕು ಎಂದೂ ಬರೆದುಕೊಂಡರು. ಹಸಿದ ಜನ ಅಷ್ಟು ಭಯದಲ್ಲಿ ಆ ಹೆಜ್ಜೆ ಇಟ್ಟಿದ್ದರು. ಮುಂದಿನ ವರ್ಷ ಅಲ್ಲಿ ಬೆಳೆ ಹಲವು ಪಟ್ಟು ಹೆಚ್ಚಿತು. ಆಮೇಲೆ ಈ ಪದ್ಧತಿ ದೇಶಕ್ಕೆಲ್ಲ ಹಬ್ಬಿತು.

ಮುಂದಿನ ನಲವತ್ತು ವರ್ಷಗಳಲ್ಲಿ ಚೀನಾದಲ್ಲಿ ಸುಮಾರು 80 ಕೋಟಿ ಜನ ಕಡು ಬಡತನದಿಂದ ಹೊರಬಂದರು ಎನ್ನುತ್ತದೆ ವಿಶ್ವಬ್ಯಾಂಕ್. ಅದೇ ಅವಧಿಯಲ್ಲಿ ಅಲ್ಲಿ ಅಸಮಾನತೆಯೂ ಜೋರಾಗಿ ಏರಿತು. ಎಲ್ಲರ ಆದಾಯ ಒಂದೇ ಆಗಿದ್ದರೆ ಗಿನಿ ಸೂಚ್ಯಂಕ ಸೊನ್ನೆ, ಎಲ್ಲವೂ ಒಬ್ಬನಿಗೇ ಸೇರಿದರೆ ಒಂದು. ಚೀನಾದಲ್ಲಿ 1980ರ ದಶಕದ ಆರಂಭದಲ್ಲಿ ಅದು 0.3ರ ಆಸುಪಾಸಿನಲ್ಲಿತ್ತು. 2008ರ ಹೊತ್ತಿಗೆ ಸರ್ಕಾರದ ಲೆಕ್ಕದಲ್ಲೇ 0.49ಕ್ಕೆ ಮುಟ್ಟಿತು. ಅಂತರವನ್ನೇ ಅಳತೆಗೋಲು ಮಾಡಿಕೊಂಡರೆ ಆ ಮೂವತ್ತು ವರ್ಷ ದೊಡ್ಡ ಸೋಲು. ಹೊಟ್ಟೆ ತುಂಬಿದವರನ್ನು ಎಣಿಸಿದರೆ ಮನುಷ್ಯರ ಇತಿಹಾಸದಲ್ಲೇ ಅಪರೂಪದ ಗೆಲುವು. ಹಸಿವಿನಿಂದ ಪಾರಾದ ಕುಟುಂಬಕ್ಕೆ ದೂರದ ನಗರದಲ್ಲಿ ಒಬ್ಬ ಕೋಟ್ಯಧಿಪತಿ ಹುಟ್ಟಿದ ಎಂಬುದು ಎಷ್ಟು ಮುಖ್ಯ? 1987ರಲ್ಲಿ ತತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ ಇದನ್ನೇ ವಾದಿಸಿದರು. ಪ್ರತಿಯೊಬ್ಬರಿಗೂ ಸಾಕಷ್ಟು ಇದ್ದರೆ, ಕೆಲವರಿಗೆ ಜಾಸ್ತಿ ಇರುವುದು ನೈತಿಕ ಪ್ರಶ್ನೆಯೇ ಅಲ್ಲ ಎಂದರು.

ಆಕ್ಸ್‌ಫಾಮ್ ಅಂಕಿಯಲ್ಲೂ ಒಂದು ತೊಡಕಿದೆ. ಅದು ಆಸ್ತಿಯಿಂದ ಸಾಲ ಕಳೆದು ಉಳಿದದ್ದರ ಲೆಕ್ಕ. ಓದಿಗೆ ಸಾಲ ಮಾಡಿ ಈಗಷ್ಟೇ ಡಾಕ್ಟರಾದ ಯುವತಿ ಆ ಪಟ್ಟಿಯಲ್ಲಿ, ಸಾಲವೂ ಇಲ್ಲದ ಆಸ್ತಿಯೂ ಇಲ್ಲದ ಕೂಲಿಗಿಂತ ಬಡವಳು. ಅಂಕಿ ಸುಳ್ಳಲ್ಲ. ಆದರೆ ಅದರ ಮೇಲೆ ಹೊರಿಸುವ ಭಾರವನ್ನೆಲ್ಲ ಅದು ಹೊರಲಾರದು.

ಇನ್ನು ದುಡ್ಡು ಬರುವ ದಾರಿಯ ವಿಚಾರ. 1974ರಲ್ಲಿ ತತ್ವಜ್ಞಾನಿ ರಾಬರ್ಟ್ ನೋಜಿಕ್ ಒಂದು ಉದಾಹರಣೆ ಕೊಟ್ಟರು. ನಿಮಗೆ ಯಾವುದು ನ್ಯಾಯ ಅನಿಸುತ್ತದೋ ಹಾಗೆಯೇ ಎಲ್ಲರಿಗೂ ಆಸ್ತಿ ಹಂಚಿ. ಆಮೇಲೆ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್ ಆಟ ನೋಡಲು ಹತ್ತು ಲಕ್ಷ ಜನ ಬರುತ್ತಾರೆ. ಪ್ರತಿಯೊಬ್ಬರೂ ಟಿಕೆಟ್ಟಿನ ಜೊತೆಗೆ ಅವನಿಗೆಂದೇ 25 ಸೆಂಟ್ ಹಾಕುತ್ತಾರೆ. ವರ್ಷದ ಕೊನೆಗೆ ಅವನ ಬಳಿ ಎರಡೂವರೆ ಲಕ್ಷ ಡಾಲರ್ ಇರುತ್ತದೆ. ಮೊದಲಿನ ಹಂಚಿಕೆ ನ್ಯಾಯವಾಗಿತ್ತು. ಕೊಟ್ಟವರು ಖುಷಿಯಿಂದ ಕೊಟ್ಟರು. ಹಾಗಾದರೆ ಈಗಿನ ಅಂತರ ಅನ್ಯಾಯ ಹೇಗಾಯಿತು? ಮೊದಲಿನ ಸಮಾನತೆಯನ್ನು ಹಾಗೇ ಉಳಿಸಬೇಕಾದರೆ ಜನ ತಮ್ಮ ದುಡ್ಡನ್ನು ತಮಗೆ ಬೇಕಾದವರಿಗೆ ಕೊಡದಂತೆ ದಿನಾ ಕಾವಲು ಕಾಯಬೇಕಾಗುತ್ತದೆ. ಈ ವಾದಕ್ಕೆ ಪೂರ್ತಿ ಉತ್ತರ ಕೊಡುವುದು ಇವತ್ತಿಗೂ ಸುಲಭವಲ್ಲ.

ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಬೇಕು. ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಅಮೆರಿಕದ 1948ರಿಂದ 2001ರವರೆಗಿನ ಅಂಕಿಗಳನ್ನು ಹಿಡಿದು ಹೊಸ ಆವಿಷ್ಕಾರಗಳ ಲಾಭ ಯಾರಿಗೆ ಹೋಯಿತು ಎಂದು ನೋಡಿದರು. ಆವಿಷ್ಕಾರ ಮಾಡಿದವರಿಗೆ ದಕ್ಕಿದ್ದು ಒಟ್ಟು ಲಾಭದ ಶೇ 2.2ರಷ್ಟು ಮಾತ್ರ ಎಂಬುದು ಅವರ ಅಂದಾಜು. ಉಳಿದದ್ದೆಲ್ಲ ಕಡಿಮೆ ಬೆಲೆಯಾಗಿ, ಒಳ್ಳೆಯ ಸರಕಾಗಿ, ಉಳಿದ ಸಮಯವಾಗಿ ಬಳಸುವವರ ಕೈ ಸೇರಿತು. ಹೊಸದೊಂದನ್ನು ಕಂಡುಹಿಡಿದು ಶ್ರೀಮಂತನಾದವನು ಬೇರೆಯವರ ತಟ್ಟೆಯಿಂದ ತೆಗೆದುಕೊಂಡಿದ್ದಾನೆ ಎನ್ನಲು ಬರುವುದಿಲ್ಲ.

ಆದರೂ ಇಲ್ಲಿ ಒಂದು ತಪ್ಪು ತಿಳುವಳಿಕೆ ಬೆಳೆದಿದೆ. ಮಾರುಕಟ್ಟೆ ಯೋಗ್ಯರಿಗೆ ಯೋಗ್ಯತೆಗೆ ತಕ್ಕಷ್ಟು ಕೊಡುತ್ತದೆ, ಶ್ರೀಮಂತ ಅಂದರೆ ದುಡಿದವನು, ಬಡವ ಅಂದರೆ ಸೋಮಾರಿ ಎಂಬ ಮಾತು. ಮುಕ್ತ ಮಾರುಕಟ್ಟೆಯ ದೊಡ್ಡ ಚಿಂತಕ ಫ್ರೆಡ್ರಿಕ್ ಹಯೆಕ್ ಇದನ್ನು ಒಪ್ಪಲಿಲ್ಲ. ಬೆಲೆ ಎಂಬುದು ಎಲ್ಲಿ ಏನು ಬೇಕಾಗಿದೆ ಎಂದು ತಿಳಿಸುವ ಸುದ್ದಿ, ಅಷ್ಟೇ ಎಂದರು ಅವರು. ಜೀವಮಾನವಿಡೀ ಕಷ್ಟಪಟ್ಟು ಒಂದು ಕಸುಬು ಕಲಿತವನ ಕೆಲಸಕ್ಕೆ ನಾಳೆ ಬೇಡಿಕೆಯೇ ಇಲ್ಲದೆ ಹೋಗಬಹುದು. ಸುಮ್ನೆ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಇದ್ದವನು ಕೋಟಿ ಗಳಿಸಬಹುದು. ಶ್ರಮಕ್ಕೆ ತಕ್ಕ ಫಲ ಸಿಗುತ್ತದೆ ಎಂಬ ನಂಬಿಕೆಯೊಂದನ್ನೇ ಹಿಡಿದು ಮಾರುಕಟ್ಟೆಯನ್ನು ಸಮರ್ಥಿಸುವುದು ಅಪಾಯ ಎಂದೂ ಹಯೆಕ್ ಎಚ್ಚರಿಸಿದ್ದರು. ಅದು ಸುಳ್ಳೆಂದು ತಿಳಿದ ದಿನ ಜನ ಇಡೀ ವ್ಯವಸ್ಥೆಯನ್ನೇ ದ್ವೇಷಿಸುತ್ತಾರೆ. ಬಡವರನ್ನು ಹೀಯಾಳಿಸುವವರು ಹಯೆಕ್ ಹೆಸರು ಹೇಳುವುದನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಈಗ ಪ್ರಶ್ನೆಯ ಉಳಿದರ್ಧಕ್ಕೆ ಬರೋಣ. ಜನ ಇಷ್ಟಪಟ್ಟು ಕೊಟ್ಟ ದುಡ್ಡು ಒಂದು ಬಗೆ. ಬೇರೆ ದಾರಿಯೇ ಇಲ್ಲದಂತೆ ಮಾಡಿ ವಸೂಲಿ ಮಾಡಿದ ದುಡ್ಡು ಇನ್ನೊಂದು ಬಗೆ. ಎರಡನೆಯದರ ಹಿಂದೆ ಸಾಮಾನ್ಯವಾಗಿ ಒಂದು ಕಾನೂನು, ಒಂದು ಲೈಸೆನ್ಸ್, ಒಂದು ಕೋಟಾ ಇರುತ್ತದೆ. ಒಂದೇ ಕಸುಬಿನವರು ಒಟ್ಟಿಗೆ ಸೇರಿದರೆ ಮಾತು ಕೊನೆಗೆ ಗಿರಾಕಿಗಳ ವಿರುದ್ಧ ಸಂಚಿಗೆ, ಬೆಲೆ ಏರಿಸುವ ಉಪಾಯಕ್ಕೆ ತಿರುಗುತ್ತದೆ ಎಂದು ಆಡಮ್ ಸ್ಮಿತ್ 1776ರಲ್ಲೇ ಬರೆದಿದ್ದರು. ಅವರು ನಂಬಿದ್ದು ಪೈಪೋಟಿಯನ್ನು. ವ್ಯಾಪಾರಿಗಳನ್ನು ಅವರು ಅಷ್ಟಾಗಿ ನಂಬಿರಲಿಲ್ಲ.

1974ರಲ್ಲಿ ಅರ್ಥಶಾಸ್ತ್ರಜ್ಞೆ ಆನ್ ಕ್ರೂಗರ್ ಈ ಗಳಿಕೆಗೆ ಲೆಕ್ಕ ಹಾಕಿದರು. ಸರ್ಕಾರ ಆಮದಿಗೆ ಮಿತಿ ಹಾಕಿದರೆ ಲೈಸೆನ್ಸ್ ಇದ್ದವನಿಗೆ ಏನೂ ಉತ್ಪಾದಿಸದೆ ಲಾಭ ಬರುತ್ತದೆ. ಆ ಲೈಸೆನ್ಸ್ ಹಿಡಿಯಲು ಎಲ್ಲರೂ ಓಡಾಡುತ್ತಾರೆ. ಟರ್ಕಿಯಲ್ಲಿ 1968ರಲ್ಲಿ ಆಮದು ಲೈಸೆನ್ಸುಗಳಿಂದ ಹುಟ್ಟಿದ ಇಂಥ ಲಾಭ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ 15ರಷ್ಟಿತ್ತು ಎಂಬುದು ಅವರ ಅಂದಾಜು. ಭಾರತದಲ್ಲಿ 1964ರಲ್ಲಿ ಬೇರೆ ಬೇರೆ ನಿಯಂತ್ರಣಗಳಿಂದ ಹುಟ್ಟಿದ ಲಾಭ ರಾಷ್ಟ್ರೀಯ ಆದಾಯದ ಶೇ 7.3. ಈ ನಿಯಂತ್ರಣಗಳಲ್ಲಿ ಎಷ್ಟೋ ಬಂದದ್ದು ಬಡವರ ಹೆಸರಿನಲ್ಲಿ.

ಇದು ಹಳೇ ಕಾಲದ ಕತೆ ಅಂದುಕೊಳ್ಳಬೇಡಿ. ಮುಕ್ತ ಮಾರುಕಟ್ಟೆಯ ದೇಶ ಎಂದು ಹೆಸರಾದ ಅಮೆರಿಕದಲ್ಲೇ 1950ರ ದಶಕದಲ್ಲಿ ಶೇ 5ರಷ್ಟು ಕೆಲಸಗಾರರಿಗೆ ಸರ್ಕಾರಿ ಲೈಸೆನ್ಸ್ ಬೇಕಿತ್ತು. ಈಗ ಸುಮಾರು ಕಾಲು ಭಾಗಕ್ಕೆ ಬೇಕು. ಶಸ್ತ್ರಚಿಕಿತ್ಸೆ ಮಾಡುವವರಿಗೆ ಬೇಕು ಅನ್ನೋದು ಸರಿ. ಆದರೆ ಆಫ್ರಿಕನ್ ಶೈಲಿಯಲ್ಲಿ ಜಡೆ ಹೆಣೆಯುವ ಹೆಂಗಸರಿಗೂ ಹಲವು ರಾಜ್ಯಗಳು ಸಾವಿರಕ್ಕೂ ಹೆಚ್ಚು ಗಂಟೆಗಳ ಸೌಂದರ್ಯ ತರಬೇತಿಯನ್ನು ಕಡ್ಡಾಯ ಮಾಡಿದ್ದವು. ಅಮ್ಮನಿಂದ, ಅಜ್ಜಿಯಿಂದ ಕಲಿತ ಕೈಕೆಲಸ ಅದು. ಆ ತರಬೇತಿಯಲ್ಲಿ ಜಡೆ ಹೆಣೆಯುವುದನ್ನು ಹೇಳಿಕೊಡುತ್ತಿದ್ದುದೇ ಅಪರೂಪ. ಬಡ ಹೆಂಗಸು ತನ್ನ ಕಾಲ ಮೇಲೆ ನಿಲ್ಲಲು ಅಡ್ಡಿಯಾಗಿದ್ದದ್ದು ಮಾರುಕಟ್ಟೆಯಲ್ಲ, ಈಗಾಗಲೇ ಒಳಗಿದ್ದವರು ಬರೆಸಿದ ಕಾನೂನು. ಇಂಥ ಕಾನೂನುಗಳು ಉಳಿದುಕೊಳ್ಳುವುದೇಕೆ ಎಂದು 1965ರಲ್ಲಿ ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ ವಿವರಿಸಿದ್ದರು. ಲಾಭ ಪಡೆಯುವ ನಾಲ್ಕು ಜನಕ್ಕೆ ಅದು ಬದುಕಿನ ಪ್ರಶ್ನೆ, ಅವರು ಒಟ್ಟಾಗುತ್ತಾರೆ. ನಷ್ಟ ಕೋಟಿ ಜನರ ಮೇಲೆ ಚಿಲ್ಲರೆಯಾಗಿ ಹಂಚಿಹೋಗುತ್ತದೆ, ಅದಕ್ಕಾಗಿ ಯಾರೂ ಬೀದಿಗೆ ಇಳಿಯುವುದಿಲ್ಲ.

ಮನೆಯ ವಿಚಾರ ಇದಕ್ಕಿಂತ ದೊಡ್ಡದು. ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ 2013ರಲ್ಲಿ, ಬಂಡವಾಳದ ಗಳಿಕೆ ಆರ್ಥಿಕ ಬೆಳವಣಿಗೆಗಿಂತ ವೇಗವಾಗಿದ್ದರೆ ಸಂಪತ್ತು ಮೇಲಿನವರ ಬಳಿ ಸೇರುತ್ತಲೇ ಹೋಗುತ್ತದೆ ಎಂದರು. ಎರಡು ವರ್ಷದ ನಂತರ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮ್ಯಾಥ್ಯೂ ರೋನ್ಲಿ ಬಂಡವಾಳದ ಅಂಕಿಗಳನ್ನು ಬಿಡಿಸಿ ನೋಡಿದರು. ಎರಡನೇ ಮಹಾಯುದ್ಧದ ನಂತರ ಶ್ರೀಮಂತ ದೇಶಗಳ ಆದಾಯದಲ್ಲಿ ಬಂಡವಾಳಕ್ಕೆ ಹೋಗುವ ನಿವ್ವಳ ಪಾಲು ಏರಿದ್ದರಲ್ಲಿ ಬಹುಪಾಲು ವಸತಿಯಿಂದ ಬಂದದ್ದು ಎಂದು ತೋರಿಸಿದರು. ಏರಿಕೆಯ ಮೂಲ ಕಾರ್ಖಾನೆಗಳಿಗಿಂತ ಹೆಚ್ಚಾಗಿ ಮನೆಗಳು. ನಗರಗಳಲ್ಲಿ ಮನೆ ದುಬಾರಿಯಾಗಲು ಒಂದು ಮುಖ್ಯ ಕಾರಣ, ಹೊಸ ಮನೆ ಕಟ್ಟದಂತೆ ತಡೆಯುವ ನಿಯಮಗಳು. ಇಷ್ಟೇ ಮಹಡಿ, ಒಂದು ನಿವೇಶನಕ್ಕೆ ಒಂದೇ ಮನೆ, ಇಷ್ಟು ಜಾಗ ಖಾಲಿ ಬಿಡಬೇಕು. ಮೊದಲೇ ಮನೆ ಇರುವವನ ಆಸ್ತಿ ಕೂತಲ್ಲೇ ಏರುತ್ತದೆ. ಕೆಲಸ ಹುಡುಕಿ ಬಂದವನ ಸಂಬಳ ಬಾಡಿಗೆಗೇ ಹೋಗುತ್ತದೆ.

2008ರ ಬ್ಯಾಂಕ್ ಬಿಕ್ಕಟ್ಟಿನ ನೆನಪು ಬಹಳ ಜನರಿಗೆ ಇನ್ನೂ ಹಸಿಯಾಗಿದೆ. ಲಾಭ ಬರುವಾಗ ಬ್ಯಾಂಕಿನವರದ್ದು, ಮುಳುಗುವಾಗ ಎಲ್ಲರದ್ದೂ ಆಯಿತು. ಅಮೆರಿಕದ ಸಂಸತ್ತು 70,000 ಕೋಟಿ ಡಾಲರಿನ ರಕ್ಷಣಾ ನಿಧಿಗೆ ಒಪ್ಪಿಗೆ ಕೊಟ್ಟಿತು. ಬ್ಯಾಂಕುಗಳಿಗೆ ಹೋದ ಹಣ ಆಮೇಲೆ ವಾಪಸ್ ಬಂತು ನಿಜ. ಆದರೆ ಮುಳುಗಲು ಬಿಡುವುದಿಲ್ಲ ಎಂಬ ಭರವಸೆಗೇ ಒಂದು ಬೆಲೆ ಇದೆ. ಅದನ್ನು ಆ ಬ್ಯಾಂಕುಗಳು ಯಾವತ್ತೂ ಕಟ್ಟಿರಲಿಲ್ಲ. ಸಣ್ಣ ಅಂಗಡಿ ಮುಚ್ಚಿದವನಿಗೆ ಆ ಭರವಸೆ ಸಿಗಲಿಲ್ಲ. ಮುಕ್ತ ಮಾರುಕಟ್ಟೆಯ ನೀತಿ ನಿಂತಿರುವುದೇ ಲಾಭದ ಜೊತೆ ನಷ್ಟವೂ ನಿನ್ನದೇ ಎಂಬ ಮಾತಿನ ಮೇಲೆ. ಅದನ್ನು ಮುರಿದ ಮೇಲೆ ಉಳಿದ ಗಳಿಕೆಯನ್ನು ಆ ನೀತಿಯ ಹೆಸರಿನಲ್ಲಿ ಸಮರ್ಥಿಸುವುದು ಸರಿಯಲ್ಲ.

ನೋಜಿಕ್ ಉದಾಹರಣೆಯಲ್ಲೂ ಒಂದು ಷರತ್ತು ಇದೆ. "ಮೊದಲಿನ ಹಂಚಿಕೆ ನ್ಯಾಯವಾಗಿದ್ದರೆ" ಎಂಬುದು. ಆಸ್ತಿ ಮೊದಲು ನ್ಯಾಯವಾಗಿ ಬಂದಿರಬೇಕು, ನ್ಯಾಯವಾಗಿ ಕೈ ಬದಲಿಸಿರಬೇಕು, ಎಲ್ಲಾದರೂ ಅನ್ಯಾಯ ನಡೆದಿದ್ದರೆ ಅದನ್ನು ಸರಿಪಡಿಸಬೇಕು ಎಂದು ಅವರೇ ಮೂರು ನಿಯಮ ಹಾಕಿದ್ದರು. ಗುಲಾಮಗಿರಿ, ವಸಾಹತು ಆಳ್ವಿಕೆ, ಬಲವಂತದ ಜಮೀನು ವಶ ಇವೆಲ್ಲ ನಡೆದ ಜಗತ್ತಿನಲ್ಲಿ ಮೂರನೇ ನಿಯಮ ಸಣ್ಣದಲ್ಲ. ಹಿಂದಿನ ಅನ್ಯಾಯ ಸರಿಪಡಿಸಲು ತಾತ್ಕಾಲಿಕವಾಗಿ ದೊಡ್ಡ ಸರ್ಕಾರವೇ ಬೇಕಾಗಬಹುದು ಎಂದೂ ಅವರು ಒಪ್ಪಿದ್ದರು. ಅವರ ಹಿಂಬಾಲಕರು ಆ ಪುಟವನ್ನು ಬೇಗ ದಾಟಿಬಿಡುತ್ತಾರೆ.

ಮಗುವಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಯಾವ ಮಗುವೂ ತನ್ನ ಅಪ್ಪ ಅಮ್ಮನನ್ನು ಆರಿಸಿಕೊಂಡಿಲ್ಲ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ 1940ರಲ್ಲಿ ಹುಟ್ಟಿದವರಲ್ಲಿ ಸುಮಾರು ಶೇ 90ರಷ್ಟು ಮಂದಿ ದೊಡ್ಡವರಾದಾಗ ತಂದೆತಾಯಿಗಿಂತ ಜಾಸ್ತಿ ಗಳಿಸಿದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಇದು ಶೇ 50ರಷ್ಟಕ್ಕೆ ಇಳಿದಿದೆ. ಅಂತರ ಇದ್ದರೂ ಏಣಿ ಇದ್ದರೆ ಸಾಕು ಎನ್ನುವವರಿಗೆ ಈ ಅಂಕಿ ನಿದ್ದೆ ಕೆಡಿಸಬೇಕು.

ಇನ್ನೊಂದು ಆಕ್ಷೇಪಕ್ಕೆ ನನ್ನ ಬಳಿಯೂ ಪೂರ್ತಿ ಉತ್ತರವಿಲ್ಲ. ಪ್ರಾಮಾಣಿಕವಾಗಿ ಗಳಿಸಿದ ದುಡ್ಡೂ ಒಂದು ಮಿತಿ ದಾಟಿದ ಮೇಲೆ ಚುನಾವಣೆಗೆ, ಸುದ್ದಿ ಮಾಧ್ಯಮಕ್ಕೆ, ಕಾನೂನು ಬರೆಯುವವರ ಹತ್ತಿರಕ್ಕೆ ಹೋಗುತ್ತದೆ. ನಿನ್ನೆ ಪೈಪೋಟಿಯಲ್ಲಿ ಗೆದ್ದವನು ಇವತ್ತು ಪೈಪೋಟಿಯನ್ನೇ ನಿಲ್ಲಿಸುತ್ತಾನೆ. "ಸರ್ಕಾರದ ಕೈಯಲ್ಲಿ ಮಾರುವ ಅಧಿಕಾರವೇ ಇಲ್ಲದಿದ್ದರೆ ಕೊಳ್ಳುವುದು ಏನನ್ನು?" ಎಂದು ಮಾರುಕಟ್ಟೆವಾದಿಗಳು ಕೇಳುತ್ತಾರೆ. ಮಾತು ಅರ್ಧ ನಿಜ. ಲೈಸೆನ್ಸ್, ಕೋಟಾ, ಸಬ್ಸಿಡಿ ಕಡಿಮೆ ಮಾಡಿದಷ್ಟೂ ಕೊಳ್ಳಲು ಸಿಗುವುದು ಕಡಿಮೆಯಾಗುತ್ತದೆ. ಆದರೆ ಪೇಟೆಂಟ್ ಎಷ್ಟು ವರ್ಷ, ಹೊಗೆ ಎಷ್ಟು ಬಿಡಬಹುದು, ಎರಡು ದೊಡ್ಡ ಕಂಪನಿ ಒಂದಾಗಬಹುದೇ ಎಂದು ಯಾರಾದರೂ ತೀರ್ಮಾನಿಸಲೇಬೇಕು. ಆ ಅಧಿಕಾರ ಸೊನ್ನೆಯಾಗುವುದಿಲ್ಲ. ಹಾಗಾಗಿ ದುಡ್ಡು ಅಧಿಕಾರವಾಗುವ ದಾರಿಗೆ ಕಟ್ಟುನಿಟ್ಟಾದ ತಡೆ ಹಾಕುವುದು ಮಾರುಕಟ್ಟೆಯ ವಿರುದ್ಧದ ಕೆಲಸವಲ್ಲ. ಮಾರುಕಟ್ಟೆ ಉಳಿಯಬೇಕಾದರೆ ಅದು ಬೇಕೇ ಬೇಕು.

ಹಾಗಾದರೆ ಸರ್ಕಾರ ಏನು ಮಾಡಬೇಕು? ಬೆಲೆಯನ್ನು ತಿರುಚುವುದಕ್ಕಿಂತ ಜನರ ಕೈಗೆ ದುಡ್ಡು ಕೊಡುವುದು ಒಳ್ಳೆಯದು ಎಂಬ ಮಾರುಕಟ್ಟೆ ಚಿಂತಕರ ಸಲಹೆ ಬಹುಪಾಲು ಸರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1994ರಲ್ಲಿ 1980ಕ್ಕಿಂತ ಮೊದಲು ಕಟ್ಟಿದ ಸಣ್ಣ ವಸತಿ ಕಟ್ಟಡಗಳಿಗೂ ಬಾಡಿಗೆ ನಿಯಂತ್ರಣ ಬಂತು. ಆಗಲೇ ಅಲ್ಲಿದ್ದ ಬಾಡಿಗೆದಾರರಿಗೆ ಒಳ್ಳೆಯದಾಯಿತು, ಅವರು ಮನೆ ಬಿಡಬೇಕಾಗಲಿಲ್ಲ. ಆದರೆ ಮಾಲೀಕರು ಮನೆಗಳನ್ನು ಮಾರಾಟದ ಫ್ಲಾಟ್‌ಗಳಾಗಿ ಬದಲಿಸಿದರು. ಆ ಕಟ್ಟಡಗಳಲ್ಲಿ ಬಾಡಿಗೆಗೆ ಸಿಗುವ ಮನೆಗಳು ಶೇ 15ರಷ್ಟು ಕಡಿಮೆಯಾಗಿ, ಇಡೀ ನಗರದ ಬಾಡಿಗೆ ಶೇ 5ರಷ್ಟು ಏರಿತು ಎಂದು 2019ರ ಅಧ್ಯಯನವೊಂದು ಹೇಳುತ್ತದೆ. ಒಳಗಿದ್ದ ಬಡವನಿಗೆ ಕೊಟ್ಟದ್ದನ್ನು ಹೊರಗಿದ್ದ ಬಡವನಿಂದ ವಸೂಲಿ ಮಾಡಿದ ಹಾಗಾಯಿತು.

ಕನಿಷ್ಠ ವೇತನದ ವಿಚಾರದಲ್ಲಿ ಮಾತ್ರ, ಕೂಲಿ ಏರಿಸಿದರೆ ಕೆಲಸ ಕಡಿಮೆಯಾಗುತ್ತದೆ ಎಂಬ ಪಠ್ಯಪುಸ್ತಕದ ಸೂತ್ರ ಅಷ್ಟು ನೇರವಾಗಿ ನಡೆಯಲಿಲ್ಲ. 1992ರಲ್ಲಿ ನ್ಯೂಜೆರ್ಸಿ ಗಂಟೆಯ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯದ ಜೊತೆ ಹೋಲಿಸಿದಾಗ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಕೆಲಸ ಕಡಿಮೆಯಾದದ್ದು ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅವರಿಗೆ ಕಾಣಲಿಲ್ಲ. ಇದಕ್ಕೆ ಕೊಡುವ ಒಂದು ವಿವರಣೆ: ಕೆಲಸ ಕೊಡುವವರು ಕೆಲವರೇ ಇರುವ ಕಡೆ ಕೂಲಿ ಮೊದಲೇ ಇರಬೇಕಾದ್ದಕ್ಕಿಂತ ಕೆಳಗಿರುತ್ತದೆ, ಸ್ವಲ್ಪ ಏರಿಸಿದರೆ ಕೆಲಸ ಹೋಗುವುದಿಲ್ಲ. ಎಷ್ಟು ಬೇಕಾದರೂ ಏರಿಸಬಹುದು ಅಂತ ಅಲ್ಲ, ಅಲ್ವಾ? ಆದರೆ ಪುರಾವೆ ಬಂದಾಗ ಸೂತ್ರವನ್ನು ತಿದ್ದಿಕೊಳ್ಳುವ ಪ್ರಾಮಾಣಿಕತೆ ಬೇಕು.

ನೇರ ಹಣದ ವಿಚಾರ ಎಡಪಂಥದವರದ್ದು ಎಂದು ಹಲವರು ತಿಳಿದಿದ್ದಾರೆ. ಆದರೆ 1962ರಲ್ಲೇ ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಒಂದು ಯೋಜನೆ ಮುಂದಿಟ್ಟಿದ್ದರು. ಆದಾಯ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಸರ್ಕಾರ ತೆರಿಗೆ ತೆಗೆದುಕೊಳ್ಳುವ ಬದಲು ತಾನೇ ದುಡ್ಡು ಕೊಡಬೇಕು ಎಂಬುದು ಅದು. ಯಾರೂ ಬೀಳದಂತೆ ಒಂದು ಕನಿಷ್ಠ ಆದಾಯ ಇರಲಿ ಎಂದು ಹಯೆಕ್ ಕೂಡ ಹೇಳಿದ್ದರು. ಅದು ಬಡವರ ಬುದ್ಧಿಯ ಮೇಲೆ ನಂಬಿಕೆ ಇಡುವ ಸಹಾಯ. ಯಾವ ಸರಕು ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು ಎಂದು ಅಧಿಕಾರಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಮಾರುಕಟ್ಟೆ ನೀತಿಯ ಅತ್ಯಂತ ಮಾನವೀಯ ಮುಖ ಇದು.

ಇದಕ್ಕೆಲ್ಲ ದುಡ್ಡು ಎಲ್ಲಿಂದ? 2024ರಲ್ಲಿ ಬ್ರೆಜಿಲ್ ಜಿ20 ಅಧ್ಯಕ್ಷತೆ ವಹಿಸಿದ್ದಾಗ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್ಮನ್ ಒಂದು ಪ್ರಸ್ತಾಪ ಕೊಟ್ಟರು. ನೂರು ಕೋಟಿ ಡಾಲರ್ ಮೀರಿದ ಆಸ್ತಿ ಇರುವ ಸುಮಾರು 3,000 ಜನ ವರ್ಷಕ್ಕೆ ಆಸ್ತಿಯ ಕನಿಷ್ಠ ಶೇ 2ರಷ್ಟು ತೆರಿಗೆ ಕಟ್ಟಬೇಕು, ಅದರಿಂದ 20,000ದಿಂದ 25,000 ಕೋಟಿ ಡಾಲರ್ ಬರುತ್ತದೆ ಎಂದರು. ಆಸೆ ಹುಟ್ಟಿಸುವ ಮಾತು. ಆದರೆ ಇತಿಹಾಸ ಅದರ ಪರವಾಗಿಲ್ಲ. ಬಹುಪಾಲು ಶ್ರೀಮಂತ ದೇಶಗಳೇ ಇರುವ ಒಇಸಿಡಿ ಗುಂಪಿನಲ್ಲಿ 1990ರಲ್ಲಿ 12 ದೇಶಗಳು ಸಂಪತ್ತಿನ ಮೇಲೆ ತೆರಿಗೆ ಹಾಕುತ್ತಿದ್ದವು. 2017ರ ಹೊತ್ತಿಗೆ ಉಳಿದದ್ದು ನಾಲ್ಕು. ಆಸ್ತಿಗೆ ಬೆಲೆ ಕಟ್ಟುವುದು ಕಷ್ಟ, ಗಡಿ ದಾಟಿಸುವುದು ಸುಲಭ. ಅದಕ್ಕಿಂತ ಹೆಚ್ಚಾಗಿ, ಆ ತೆರಿಗೆಯು ದುಡ್ಡು ಬಂದ ದಾರಿಯನ್ನು ನೋಡುವುದಿಲ್ಲ. ಹೊಸ ಔಷಧ ಕಂಡುಹಿಡಿದವನಿಗೂ ಲೈಸೆನ್ಸ್ ಹಿಡಿದು ಕೂತವನಿಗೂ ಒಂದೇ ದರ.

ದಾರಿ ನೋಡಿ ಹಾಕುವ ತೆರಿಗೆ ಒಂದಿದೆ. ಅದು ಕಟ್ಟಡ ಬಿಟ್ಟು ಬರೀ ಜಾಗದ ಬೆಲೆಯ ಮೇಲಿನ ತೆರಿಗೆ. ಜಾಗದ ಬೆಲೆಯನ್ನು ಮಾಲೀಕ ಹುಟ್ಟಿಸಿದ್ದಲ್ಲ. ಸುತ್ತ ಬಂದ ರಸ್ತೆ, ಶಾಲೆ, ಕೆಲಸ, ಜನ ಹುಟ್ಟಿಸಿದ್ದು. ತೆರಿಗೆ ಹಾಕಿದರೆ ಜಾಗ ಕಡಿಮೆಯಾಗುವುದಿಲ್ಲ, ಬೇರೆ ದೇಶಕ್ಕೆ ಓಡಿಹೋಗುವುದೂ ಇಲ್ಲ. ನಿವೇಶನದ ಬಾಡಿಗೆ ತೆರಿಗೆಗೆ ತಕ್ಕದ್ದು ಎಂದು ಆಡಮ್ ಸ್ಮಿತ್ ಹೇಳಿದ್ದರು. ಇರುವುದರಲ್ಲಿ ಕಡಿಮೆ ಕೆಟ್ಟ ತೆರಿಗೆ ಇದು ಎಂದು ಫ್ರೀಡ್‌ಮನ್ 1978ರಲ್ಲಿ ಹೇಳಿದರು. ಬೇರೆ ಬಹುತೇಕ ವಿಷಯಗಳಲ್ಲಿ ಫ್ರೀಡ್‌ಮನ್‌ಗೆ ವಿರುದ್ಧ ನಿಲ್ಲುವ ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಸ್ ಕೂಡ ಇದರ ಪರ. ಆದರೂ ಯಾವ ಸರ್ಕಾರಕ್ಕೂ ಇದು ಸುಲಭವಲ್ಲ. ಇದಕ್ಕೆ ಮೊದಲು ಅಡ್ಡ ನಿಲ್ಲುವವರು ಕೋಟ್ಯಧಿಪತಿಗಳಲ್ಲ, ಮನೆಯೊಂದೇ ಉಳಿತಾಯವಾಗಿರುವ ಸಾಮಾನ್ಯ ಕುಟುಂಬಗಳು. ಎಸ್ಟೋನಿಯ 1993ರಿಂದ ಕಟ್ಟಡಗಳನ್ನು ಬಿಟ್ಟು ಜಮೀನಿಗೆ ಮಾತ್ರ ತೆರಿಗೆ ಹಾಕುತ್ತಾ ಬಂತು. 2013ರಲ್ಲಿ ಸ್ವಂತ ವಾಸದ ಮನೆಯ ಜಾಗಕ್ಕೆ ಒಂದು ಮಿತಿವರೆಗೆ ವಿನಾಯಿತಿ ಕೊಡಬೇಕಾಯಿತು. ಸಂಬಳದ ಮೇಲಿನ ತೆರಿಗೆಯನ್ನು ಅದೇ ಹೊತ್ತಿಗೆ ಇಳಿಸಿದರೆ, ವಯಸ್ಸಾದವರಿಗೆ ಮನೆ ಮಾರುವವರೆಗೆ ಅಥವಾ ಮಕ್ಕಳಿಗೆ ಹೋಗುವವರೆಗೆ ಕಟ್ಟದಿರಲು ಅವಕಾಶ ಕೊಟ್ಟರೆ ಆ ಭಯ ಎಷ್ಟು ಕಡಿಮೆಯಾದೀತು ಎಂಬುದರ ಮೇಲೆ ಈ ತೆರಿಗೆಯ ಭವಿಷ್ಯ ನಿಂತಿದೆ.